ಜಾಮೀನು ಸಿಕ್ಕಿತು, ಆಮೇಲೆ?



ಇವತ್ತು ಯಾವ ರಾಜಕಾರಣಿಯ ಬಗ್ಗೆಯೂ ಮಾತಾಡಲ್ಲ. ಕುರ್ಚಿ ಕಿತ್ತಾಟ, ಬಣ ಬಡಿದಾಟ, ದೆಹಲಿ ಯಾತ್ರೆ ಎಲ್ಲವೂ ನಾಳೆಯೂ ಇರುತ್ತೆ, ಎಲ್ಲೂ ಓಡಿ ಹೋಗಲ್ಲ. ಇವತ್ತು ಒಂದು ಫೋನ್ ಕಾಲ್ ಬಗ್ಗೆ ಹೇಳ್ತೀನಿ.

ಕಳೆದ ವಾರ ರಾಣೆಬೆನ್ನೂರು ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದ್ರು. ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ದಿನಾ ರಾತ್ರಿ ನಮ್ಮ ಕಾರ್ಯಕ್ರಮ ನೋಡ್ತಾರಂತೆ. ಅವರ ಮಾತು ಹೀಗಿತ್ತು:

"ಸರ, ನಮ್ಮ ಹುಡುಗಿ ಎಂಎಸ್‌ಡಬ್ಲ್ಯು ಮುಗಿಸ್ಯಾಳ್ರಿ. ಈಗ ಪಿಎಚ್‌ಡಿ ಮಾಡಾಕತ್ತಾಳ್ರಿ, ನಾಲ್ಕನೇ ವರ್ಷ. ಯಾವುದರ ಮ್ಯಾಲ ಅಂತ ಕೇಳ್ರಿ. ಜೈಲಿನ ಮ್ಯಾಲ್ರಿ! ಕಳ್ಳರು, ಕಿಸೆ ಕತ್ತರಿಸೋರು, ಅವರ ಮನಿಗೆ ಹೋಗಿ ಕುಂತು ಬರ್ಕೊಂಡು ಬರ್ತಾಳ್ರಿ. ಊರಾಗ ಮಂದಿ ಕೇಳ್ತಾರ, ನಿಮ್ಮ ಮಗಳು ಏನ್ ಓದಾಕತ್ತಾಳ ಅಂತ. ನಾ ಏನ್ ಹೇಳ್ಲಿ? ಬ್ಯಾಂಕ್ ಪರೀಕ್ಷಾ ಬರಿ ಅಂದ್ರ ಕೇಳವಲ್ಲಳು. ನೀವು ಹೇಳಿದ್ರ ಕೇಳ್ತಾಳ. ಒಂದೀಟು ಬುದ್ಧಿ ಹೇಳ್ರಿ ಸರ."

ನನಗೆ ನಗು ಬಂತು. ಮಗಳಿಗೆ ಫೋನ್ ಕೊಡಿ ಅಂದೆ. ನಿಜ ಹೇಳ್ತೀನಿ, ಬುದ್ಧಿ ಹೇಳೋ ಉತ್ಸಾಹದಲ್ಲೇ ಇದ್ದೆ. ಟೀವಿಯಲ್ಲಿ ಕೂತವರಿಗೆ ಅದೊಂದು ಚಟ. ಆ ಹುಡುಗಿ ನಮಸ್ಕಾರ ಹೇಳಿ, ನಾನು ಬಾಯಿ ತೆರೆಯೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿದಳು.

"ಸರ, ನಿಮ್ಮ ಚಾನೆಲ್‌ನಾಗ 'ಜಾಮೀನು ಮಂಜೂರು' ಅಂತ ಪಟ್ಟಿ ಓಡಿಸ್ತೀರಲ್ರಿ. ಆಮ್ಯಾಲ ಆ ಮನುಷ್ಯ ಮನಿಗೆ ಹೋದನೋ ಇಲ್ಲೋ ಅಂತ ಯಾವತ್ತಾದ್ರೂ ಕೇಳೀರೇನ್ರಿ?"

ನಾನು ಸುಮ್ಮನಾದೆ. ಯಾಕಂದ್ರೆ ಕೇಳಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

ಆಕೆಯ ಸಂಶೋಧನೆಯ ವಿಷಯವೇ ಅದು. ಕೋರ್ಟು ಜಾಮೀನು ಕೊಟ್ಟಿದೆ, ಆದರೂ ಜೈಲಲ್ಲೇ ಉಳಿದಿದ್ದಾರೆ. ಅಂಥವರು ಯಾರು? ಯಾಕೆ ಉಳಿದರು? ಅವರ ಮನೆ ಹೇಗಿದೆ?

ನಮಗೆ ಜಾಮೀನು ಅಂದ್ರೆ ಏನು ಗೊತ್ತು? ದೊಡ್ಡ ಕುಳ ಒಳಗೆ ಹೋಗ್ತಾನೆ, ಎದೆನೋವು ಅಂತಾನೆ, ದೊಡ್ಡ ವಕೀಲರು ಬರ್ತಾರೆ, ಜಾಮೀನು ಸಿಗುತ್ತೆ, ಜೈಲಿನ ಗೇಟಿನ ಮುಂದೆ ಪಟಾಕಿ, ಸೇಬಿನ ಹಾರ. ಅದನ್ನ ನಾವೇ ನಿಮಗೆ ಲೈವ್ ತೋರಿಸ್ತೀವಿ. ಆದ್ರೆ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಾಗ ಏನಾಗುತ್ತೆ ಗೊತ್ತಾ? ಒಬ್ಬರೋ ಇಬ್ಬರೋ ಶ್ಯೂರಿಟಿ ಕರ್ಕೊಂಡು ಬಾ ಅಂತ ಆದೇಶ ಆಗಿರುತ್ತೆ. ಶ್ಯೂರಿಟಿ ಅಂದ್ರೆ ಆಸ್ತಿ ಇರೋನು. ಪಹಣಿ ತರಬೇಕು, ಆಧಾರ್ ತರಬೇಕು, ಕೂಲಿ ಬಿಟ್ಟು ಕೋರ್ಟಿಗೆ ಬಂದು ನಿಲ್ಲಬೇಕು. ಯಾದಗಿರಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವನಿಗೆ, ಬಿಹಾರದಿಂದ ಬಂದ ಹುಡುಗನಿಗೆ, ಇಲ್ಲಿ ಪಹಣಿ ಕೊಡೋ ಬಂಧು ಯಾರು ಸ್ವಾಮಿ? ಅವನಿಗೆ ಜಾಮೀನು ಕಾಗದದ ಮೇಲೆ ಸಿಕ್ಕಿದೆ. ಬಾಗಿಲು ಮಾತ್ರ ತೆರೆದಿಲ್ಲ.

ಇದು ಇವತ್ತು ನಿನ್ನೆಯ ಕಥೆ ಅಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮೋತಿರಾಮ್ ಅನ್ನೋ ಒಬ್ಬ ಮೇಸ್ತ್ರಿಯ ಪ್ರಕರಣ ಬಂತು. ಮಧ್ಯಪ್ರದೇಶದವನು. ಅವನನ್ನ ಜಾಮೀನಿನ ಮೇಲೆ ಬಿಡಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಆದ್ರೆ ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಗೆ ಶ್ಯೂರಿಟಿ ಕೇಳಿದರು. ಆ ಕಾಲದ 10,000! ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಶ್ಯೂರಿಟಿಗೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗಲ್ಲ ಅಂದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಅದನ್ನ ನೋಡಿ ಕೆಂಡವಾದರು. ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಅರೆಸ್ಟ್ ಆದರೆ ಅಲ್ಲಿ ಆಸ್ತಿ ಇರೋ ಶ್ಯೂರಿಟಿಯನ್ನ ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲೇ ಕೇಳಿದರು. ಕೊನೆಗೆ 1,000 ರೂಪಾಯಿಯ ಅವನದೇ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಅಂದರು.

ಸರಿ, ಜಡ್ಜ್ ಹೇಳಿದರು. ಆದ್ರೆ ಒಂದು ಪ್ರಶ್ನೆ ಉಳಿಯುತ್ತೆ. ದುಡ್ಡು ಕಟ್ಟಿಸಿಕೊಳ್ಳದೆ, ಶ್ಯೂರಿಟಿ ಇಲ್ಲದೆ ಬಿಟ್ಟರೆ ಅವನು ಓಡಿ ಹೋಗಲ್ವಾ? ನೀವೂ ಅದನ್ನೇ ಕೇಳ್ತೀರಿ, ನಾನೂ ಅದನ್ನೇ ಕೇಳ್ತೀನಿ. ಇದಕ್ಕೆ ಉತ್ತರ ಭಾಷಣದಲ್ಲಿ ಸಿಗಲ್ಲ. ಲೆಕ್ಕ ಹಾಕಿದವರ ಹತ್ತಿರ ಮಾತ್ರ ಸಿಗುತ್ತೆ. ಆ ಲೆಕ್ಕ ಹಾಕಿದ ಕಥೆ ಕೇಳೋಕೆ ಸ್ವಲ್ಪ ನ್ಯೂಯಾರ್ಕ್‌ಗೆ ಹೋಗಬೇಕು.

1960ರ ಸುಮಾರು. ಲೂಯಿ ಶ್ವೈಟ್ಜರ್ ಅಂತ ಒಬ್ಬ ಶ್ರೀಮಂತ ಎಂಜಿನಿಯರ್. ನ್ಯೂಯಾರ್ಕ್‌ನ ಬ್ರೂಕ್ಲಿನ್ ಜೈಲು ನೋಡೋಕೆ ಹೋದ. ಒಳಗೆ ನೋಡಿದರೆ ಹದಿಹರೆಯದ ಹುಡುಗರು. ಅಪರಾಧ ಸಾಬೀತಾಗಿಲ್ಲ, ವಿಚಾರಣೆಯೇ ಆಗಿಲ್ಲ. ಜಾಮೀನಿನ ದುಡ್ಡಿಲ್ಲ ಅಂತ ತಿಂಗಳುಗಟ್ಟಲೆ ಒಳಗಿದ್ದಾರೆ. ಆತ ಹರ್ಬರ್ಟ್ ಸ್ಟರ್ಜ್ ಅನ್ನೋ ಒಬ್ಬ ಯುವ ಪತ್ರಿಕಾ ಸಂಪಾದಕನನ್ನ ಜೊತೆಗೆ ಸೇರಿಸಿಕೊಂಡ. ತಾಯಿಯ ಹೆಸರಲ್ಲಿ ವೇರಾ ಫೌಂಡೇಶನ್ ಕಟ್ಟಿದ.

ಬಡವರ ಜಾಮೀನಿನ ದುಡ್ಡನ್ನ ತಾನೇ ಕಟ್ಟಿಬಿಡಬಹುದಿತ್ತು, ಅಲ್ವಾ? ದುಡ್ಡಿತ್ತು. ಕಟ್ಟಿದ್ರೆ ಪುಣ್ಯವಂತ ಅನ್ನಿಸಿಕೊಳ್ತಿದ್ದ, ಅಷ್ಟೇ. ಅವರು ಬೇರೆ ದಾರಿ ಹಿಡಿದರು. 1961ರಲ್ಲಿ ಕಾನೂನು ವಿದ್ಯಾರ್ಥಿಗಳನ್ನ ಕೋರ್ಟಿನ ಲಾಕಪ್ಪಿಗೆ ಕಳಿಸಿದರು. ಕೇಳಿದ್ದು ಸಾದಾ ಪ್ರಶ್ನೆಗಳು. ಈ ವಿಳಾಸದಲ್ಲಿ ಎಷ್ಟು ದಿನದಿಂದ ಇದ್ದೀಯಾ? ಕೆಲಸ ಇದೆಯಾ? ಹೆಂಡತಿ ಮಕ್ಕಳು, ತಂದೆ ತಾಯಿ ಯಾರು ಜೊತೆಗಿದ್ದಾರೆ? ಹಿಂದೆ ಕೇಸ್ ಇತ್ತಾ? ನಿನ್ನ ಪರವಾಗಿ ಮಾತು ಕೊಡೋರು ಯಾರು? ಉತ್ತರಗಳನ್ನ ಫೋನ್ ಮಾಡಿ ಪರೀಕ್ಷೆ ಮಾಡಿದರು. ಅಂಕ ಹಾಕಿದರು. ಊರಲ್ಲಿ ಬೇರು ಬಿಟ್ಟಿರೋ ಮನುಷ್ಯ ಹೌದು ಅಂತಾದರೆ, ದುಡ್ಡಿಲ್ಲದೆ ಬಿಡಬಹುದು ಅಂತ ನ್ಯಾಯಾಧೀಶರಿಗೆ ಶಿಫಾರಸು ಮಾಡಿದರು.

ಅಷ್ಟೇ ಅಲ್ಲ. ಶಿಫಾರಸಿಗೆ ಅರ್ಹರಾದವರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿನ ವರದಿ ಕೋರ್ಟಿಗೆ ಕೊಟ್ಟರು, ಇನ್ನೊಂದರದ್ದು ಕೊಡಲಿಲ್ಲ. ಏನಾಯ್ತು? ವರದಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 14 ಜನರನ್ನ ಕೋರ್ಟು ಹಾಗೇ ಬಿಟ್ಟಿತು. ವರದಿ ಇದ್ದ ಗುಂಪಿನಲ್ಲಿ ನೂರಕ್ಕೆ 60! ಅದೇ ಥರದ ಜನ, ಅದೇ ಥರದ ಕೇಸುಗಳು. ವ್ಯತ್ಯಾಸ ಒಂದೇ, ಒಂದು ಹಾಳೆ. ಈ ಮನುಷ್ಯ ಯಾರು ಅಂತ ಹೇಳೋ ಒಂದು ಹಾಳೆ.

ಓಡಿ ಹೋದವರು ಎಷ್ಟು? 1964ರ ಏಪ್ರಿಲ್ ತನಕ ಹೀಗೆ ಬಿಡುಗಡೆಯಾದವರು 2,195 ಜನ. ಕೋರ್ಟಿಗೆ ವಾಪಸ್ ಬಾರದವರು 15 ಜನ. ಸಾವಿರವಲ್ಲ, ನೂರೂ ಅಲ್ಲ, ಹದಿನೈದು. ಮುಂದೆ 1966ರಲ್ಲಿ ಅಮೆರಿಕದಲ್ಲಿ ಜಾಮೀನು ಸುಧಾರಣಾ ಕಾನೂನು ಬಂತು.

ಅವರು ಯಾರೂ ಅದನ್ನ ಪಿಎಚ್‌ಡಿಗೆ ಅಂತ ಮಾಡಲಿಲ್ಲ. ಆದ್ರೆ ಮಾಡಿದ್ದು ಪಿಎಚ್‌ಡಿಯ ಕೆಲಸವೇ. ಎಲ್ಲರೂ ಸುಮ್ಮನೆ ನಂಬಿಕೊಂಡು ಬಂದಿದ್ದ ಒಂದು ಮಾತನ್ನ ಹಿಡ್ಕೊಂಡು, ಇದು ನಿಜಾನಾ ಅಂತ ತಾಳ್ಮೆಯಿಂದ ಪರೀಕ್ಷೆ ಮಾಡಿದರು.

ಅದು ಅಮೆರಿಕದ ಕಥೆ, ನಮಗೇನು ಅಂತೀರಾ? ಅಲ್ಲೇ ಇದೆ ವಿಷಯ. 1979ರಲ್ಲಿ ಕೆ.ಎಫ್. ರುಸ್ತುಂಜಿ ಅನ್ನೋ ಹಿರಿಯ ಪೊಲೀಸ್ ಅಧಿಕಾರಿ ಬಿಹಾರದ ಜೈಲುಗಳ ಬಗ್ಗೆ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದರು. ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೀತಿರೋ ಜನ. ತಮ್ಮ ಮೇಲಿರೋ ಆರೋಪಕ್ಕೆ ಸಿಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ಒಳಗೆ ಕಳೆದವರೂ ಅವರಲ್ಲಿದ್ದರು. ವಕೀಲೆ ಕಪಿಲಾ ಹಿಂಗೋರಾನಿ ಅದನ್ನ ಹಿಡ್ಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಪ್ರಕರಣ. ನ್ಯಾಯಮೂರ್ತಿ ಪಿ.ಎನ್. ಭಗವತಿ ತಮ್ಮ ತೀರ್ಪಿನಲ್ಲಿ ಏನು ಉದಾಹರಿಸಿದರು ಗೊತ್ತಾ? ಇದೇ ಮ್ಯಾನ್‌ಹಟನ್ ಪ್ರಯೋಗವನ್ನ! ಆರೋಪಿಗೆ ಸಮಾಜದಲ್ಲಿ ಬೇರುಗಳಿವೆಯಾ ನೋಡಿ, ಎಷ್ಟು ವರ್ಷದಿಂದ ವಾಸ, ಏನು ಕೆಲಸ, ಸಂಸಾರ ಇದೆಯಾ ನೋಡಿ, ಇದ್ದರೆ ಅವನ ಸ್ವಂತ ಮುಚ್ಚಳಿಕೆ ಮೇಲೇ ಬಿಡಬಹುದು ಅಂತ ಪಟ್ಟಿಯನ್ನೇ ಕೊಟ್ಟರು. ನ್ಯೂಯಾರ್ಕ್‌ನ ಲಾಕಪ್ಪಿನಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳು ಹದಿನೆಂಟು ವರ್ಷದ ನಂತರ ಬಿಹಾರದ ಬಡವನ ಕೇಸಿಗೆ ಬಂದು ನಿಂತವು. ಒಂದು ಅಧ್ಯಯನದ ಶಕ್ತಿ ಅಂದ್ರೆ ಇದು.

ಈಗ ಆ ಹುಡುಗಿಯ ಓದಿಗೆ ಬರ್ತೀನಿ.

ಅಪರಾಧದ ಬಗ್ಗೆ ಓದೋದು ಅಂದ್ರೆ ನಮಗೆ ತಕ್ಷಣ ನೆನಪಾಗೋದು ಬೆರಳಚ್ಚು, ಡಿಎನ್‌ಎ, ಸಿಸಿಟಿವಿ. ಯಾರು ಮಾಡಿದ್ದು ಅಂತ ಕಂಡುಹಿಡಿಯೋದು. ಅದು ಬೇಕು. ಆದ್ರೆ ಇನ್ನೊಂದು ಓದು ಇದೆ. ಮಾಡಿದವನು ಯಾರು, ನೊಂದವನ ಗತಿ ಏನು, ಜೈಲಿಂದ ಹೊರಗೆ ಬಂದ ಮೇಲೆ ಅವನು ಎಲ್ಲಿಗೆ ಹೋಗ್ತಾನೆ ಅಂತ ಕೇಳೋ ಓದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಹ್ಯೂಮನ್ ಸರ್ವೀಸಸ್, ಅಂದ್ರೆ ಕಷ್ಟದಲ್ಲಿರೋ ಜನರ ಸೇವೆಯ ಕ್ಷೇತ್ರದ ಒಳಗೇ ಕ್ರಿಮಿನಲ್ ಜಸ್ಟೀಸ್ ವಿಷಯದಲ್ಲಿ ಡಾಕ್ಟರೇಟ್ ಮಾಡ್ತಾರೆ. ನಮ್ಮಲ್ಲಿ ಆ ಹೆಸರು ಇಲ್ಲ, ಕೆಲಸ ಇದೆ. ಸಮಾಜಕಾರ್ಯ, ಅಪರಾಧಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯ ಅನ್ನೋ ವಿಭಾಗಗಳಲ್ಲಿ ನಡೆಯುತ್ತೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1990ರಲ್ಲಿ 'ಪ್ರಯಾಸ್' ಅಂತ ಯೋಜನೆ ಶುರು ಮಾಡಿದರು. ಸಮಾಜಕಾರ್ಯ ಓದಿದವರು ಜೈಲಿನ ಒಳಗೇ ಹೋಗಿ ಕೈದಿಗಳ ಜೊತೆ ಕೆಲಸ ಮಾಡೋದು ಅದರ ರೀತಿ.

ನಮ್ಮ ಬೆಂಗಳೂರಿನ ಉದಾಹರಣೆಯೇ ಇದೆ. ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರ ಜೈಲಿನಲ್ಲಿ 5,024 ಕೈದಿಗಳನ್ನ ಪರೀಕ್ಷೆ ಮಾಡಿ 2011ರಲ್ಲಿ ಪುಸ್ತಕವನ್ನೇ ತಂದರು. ಕುಡಿತ, ತಂಬಾಕು, ಡ್ರಗ್ಸ್ ಚಟಗಳನ್ನ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27 ಜನರಿಗೆ ಮಾನಸಿಕ ಕಾಯಿಲೆ. ಪರಪ್ಪನ ಅಗ್ರಹಾರ ಅಂದ್ರೆ ನಾವು ಟೀವಿಯವರು ಏನು ತೋರಿಸ್ತೀವಿ? ಯಾವ ವಿಐಪಿಗೆ ಯಾವ ಬ್ಯಾರಕ್, ಊಟಕ್ಕೆ ಏನು, ಮೊಬೈಲ್ ಹೇಗೆ ಹೋಯ್ತು. ಅದೇ ಗೋಡೆಯ ಒಳಗೆ ನಾಲ್ಕರಲ್ಲಿ ಒಬ್ಬನಿಗೆ ಚಿಕಿತ್ಸೆ ಬೇಕಾಗಿದೆ ಅನ್ನೋದು ನಮಗೆ ಬ್ರೇಕಿಂಗ್ ನ್ಯೂಸ್ ಆಗಲೇ ಇಲ್ಲ.

ಇನ್ನು ದೇಶದ ಲೆಕ್ಕ ಕೇಳಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನಾಲ್ವರಲ್ಲಿ ಮೂವರು. ಅವರಲ್ಲಿ ತಪ್ಪು ಮಾಡಿದವರೂ ಇದ್ದಾರೆ, ಮಾಡದವರೂ ಇದ್ದಾರೆ. ಯಾರು ಯಾವುದು ಅಂತ ಕೋರ್ಟು ಇನ್ನೂ ಹೇಳಿಲ್ಲ.

ಸರ್ಕಾರ, ಕೋರ್ಟು ಏನೂ ಮಾಡಿಲ್ಲ ಅಂದ್ರೆ ತಪ್ಪಾಗುತ್ತೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಪ್ರಾಧಿಕಾರದವರು ಅವನ ಮನೆಯ ಆರ್ಥಿಕ, ಸಾಮಾಜಿಕ ಸ್ಥಿತಿಯ ವರದಿ ಮಾಡಿಸಿ, ಷರತ್ತು ಸಡಿಲಿಸಿ ಅಂತ ಕೋರ್ಟನ್ನ ಕೇಳಬಹುದು. ಒಂದು ತಿಂಗಳಲ್ಲಿ ಬಾಂಡ್ ಕೊಡೋಕಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಬದಲಿಸೋ ಬಗ್ಗೆ ಯೋಚನೆ ಮಾಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ತಂತು. ಶುರುವಾದಾಗ ಅದರಲ್ಲಿ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಒಳಗಿರೋ ಶಿಕ್ಷಿತನಿಗೆ 25,000 ರೂಪಾಯಿವರೆಗೆ ಅಂತ ಇತ್ತು. ನಿಮಗೆ ಗೊತ್ತಿರೋ ಯಾರಾದ್ರೂ ಹೀಗೆ ಸಿಕ್ಕಿಹಾಕ್ಕೊಂಡಿದ್ರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರೋ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಿ. ವಕೀಲರ ಫೀಸ್ ಬೇಕಾಗಿಲ್ಲ.

ಆದ್ರೆ ಆ ವರದಿ ಬರೆಯೋರು ಯಾರು? ಸುಪ್ರೀಂ ಕೋರ್ಟ್ ಹೇಳಿರೋದು ಪ್ರೊಬೇಷನ್ ಆಫೀಸರ್ ಅಥವಾ ಅರೆಕಾನೂನು ಸ್ವಯಂಸೇವಕರು. ಪ್ರೊಬೇಷನ್ ಆಫೀಸರ್ ಅನ್ನೋ ಹುದ್ದೆ 1958ರ ಕಾನೂನಿನಿಂದಲೂ ಇದೆ. ಸರ್ಕಾರಿ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ. 21 ವರ್ಷದೊಳಗಿನ ತಪ್ಪಿತಸ್ಥನನ್ನ ಜೈಲಿಗೆ ಕಳಿಸೋ ಮುಂಚೆ ಇವರ ವರದಿ ತರಿಸಿಕೊಳ್ಳಿ ಅಂತ ಆ ಕಾನೂನು ಹೇಳುತ್ತೆ. ನೇಣು ಶಿಕ್ಷೆಯ ಪ್ರಕರಣಗಳಲ್ಲೂ ಇವರ ವರದಿ, ಮಾನಸಿಕ ತಪಾಸಣೆಯ ವರದಿ ಬೇಕು ಅಂತ 2022ರಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೋಚನೆ ಮಾಡಿ, ಒಬ್ಬ ಮನುಷ್ಯ ಬದುಕಬೇಕಾ ಸಾಯಬೇಕಾ ಅನ್ನೋ ತೂಕದಲ್ಲಿ ಈ ಹಾಳೆಯೂ ಇರುತ್ತೆ. ಅದನ್ನ ಬರೆಯೋನು ಊರಿಗೆ ಹೋಗಿ ನಾಲ್ಕು ಜನರನ್ನ ಮಾತಾಡಿಸಿ ಬರೀಬೇಕೋ, ಕಚೇರಿಯಲ್ಲಿ ಕೂತು ಹಳೇ ವರದಿಯ ಹೆಸರು ಬದಲಿಸಿ ಬರೀಬೇಕೋ? ಹೇಗೆ ಬರೆಯಬೇಕು ಅಂತ ಕಲಿಸೋರು ಯಾರು? ಈ ಆದೇಶಗಳು ನಮ್ಮ ಜಿಲ್ಲೆಗಳಲ್ಲಿ ನಡೀತಿವೆಯಾ ಅಂತ ಮನೆ ಮನೆಗೆ ಹೋಗಿ ನೋಡೋರು ಯಾರು? ಈ ರಾಣೆಬೆನ್ನೂರಿನ ಹುಡುಗಿಯಂಥವರು, ಸ್ವಾಮಿ. ಬೇರೆ ಯಾರೂ ಅಲ್ಲ.

ಈಗ ಇನ್ನೊಂದು ಮುಖವನ್ನೂ ಹೇಳ್ತೀನಿ. ಡಾಕ್ಟರೇಟ್ ಅನ್ನೋ ಪದಕ್ಕೆ ನಮ್ಮ ನಾಡಲ್ಲಿ ಮರ್ಯಾದೆ ಉಳಿದಿದೆಯಾ? ದುಡ್ಡು ಕೊಟ್ಟರೆ ಶಾಲು, ಟೋಪಿ, ಫೋಟೋ ಸಮೇತ ಗೌರವ ಡಾಕ್ಟರೇಟ್ ಮನೆಗೆ ಬರುತ್ತೆ. ಮಾರನೇ ದಿನ ಫ್ಲೆಕ್ಸಿನಲ್ಲಿ ಹೆಸರಿನ ಹಿಂದೆ 'ಡಾ.' ಅಂತ ಬಿದ್ದಿರುತ್ತೆ. ನಿಜವಾದ ಪಿಎಚ್‌ಡಿಗಳಲ್ಲೂ ಎಷ್ಟೋ ಪ್ರಬಂಧಗಳು ಬಡ್ತಿಗೋಸ್ಕರ ಹುಟ್ಟಿ, ಲೈಬ್ರರಿಯ ಕಪಾಟಿನಲ್ಲಿ ಧೂಳು ತಿಂದು ಸಾಯ್ತವೆ. ಆ ಅಪ್ಪನಿಗೆ ಅನುಮಾನ ಬಂದಿದ್ದರಲ್ಲಿ ತಪ್ಪಿಲ್ಲ.

ಆದ್ರೆ ಆಕೆಯ ಪಾಡು ಕೇಳಿದಾಗ ನನಗೆ ಬೇರೆಯೇ ಅನ್ನಿಸಿತು. ಜೈಲಿನೊಳಗೆ ಹೋಗೋಕೆ ಅನುಮತಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಪತ್ರ ಬರೆದಿದ್ದಾಳೆ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಮುಂದೆ ಕೂತಿದ್ದಾಳೆ. ಆ ಸಮಿತಿ ಕೇಳಿದ ಪ್ರಶ್ನೆ ಚೆನ್ನಾಗಿದೆ. ಜೈಲಲ್ಲಿರೋ ಮನುಷ್ಯ ನಿನ್ನ ಜೊತೆ ಮಾತಾಡೋಕೆ ಒಪ್ಪಿದ ಅಂತೀಯಲ್ಲ, ಸಾಹೇಬರು ಪಕ್ಕದಲ್ಲಿ ನಿಂತಿರುವಾಗ ಅವನು ಇಲ್ಲ ಅನ್ನೋಕಾಗುತ್ತಾ? ಅದಕ್ಕೇ ಆಕೆ ಪ್ರತಿಯೊಬ್ಬನಿಗೂ ಮೊದಲು ಹೇಳೋದು ಒಂದೇ: "ಅಣ್ಣಾ, ನೀವು ಬ್ಯಾಡ ಅಂದ್ರ ನಾ ಎದ್ದು ಹೋಗ್ತೀನಿ, ನಿಮಗ ಏನೂ ಆಗೂದಿಲ್ಲ." ನನಗೆ ನಾಚಿಕೆ ಆಯ್ತು. ನಾವು ಮೈಕ್ ಹಿಡ್ಕೊಂಡು ಪೊಲೀಸ್ ಜೀಪಿನ ಕಿಟಕಿಗೆ ತೂರಿಸ್ತೀವಲ್ಲ, ಒಪ್ಪಿಗೆ ಕೇಳಿದ್ದು ನೆನಪಿದೆಯಾ?

ಒಂದು ಮನೆಯ ಕಥೆ ಹೇಳಿದಳು. ಮೊಬೈಲ್ ಕದ್ದ ಆರೋಪ. ಜಾಮೀನು ಸಿಕ್ಕು ನಾಲ್ಕು ತಿಂಗಳಾಗಿದೆ. ತಾಯಿಗೆ ಮಗನಿಗೆ ಜಾಮೀನು ಸಿಕ್ಕಿರೋದೇ ಗೊತ್ತಿಲ್ಲ. ಯಾರೂ ಹೇಳಿಲ್ಲ. ಈ ಹುಡುಗಿ ಪ್ರಶ್ನೆಪತ್ರ ಹಿಡ್ಕೊಂಡು ಹೋದಾಗಲೇ ಆ ತಾಯಿಗೆ ಮೊದಲ ಸಲ ತಿಳಿದಿದ್ದು. ಆಕೆ ಪ್ರಶ್ನೆಪತ್ರ ಮಡಚಿಟ್ಟು, ಆ ತಾಯಿಯನ್ನ ಕರ್ಕೊಂಡು ಪ್ರಾಧಿಕಾರದ ಕಚೇರಿಗೆ ಹೋದಳಂತೆ. "ಸರ, ಸಂಶೋಧನಾದಾಗ ಹಂಗ ಮಾಡಬೇಕೋ ಬಿಡಬೇಕೋ ಗೊತ್ತಿಲ್ರಿ. ಗೈಡ್‌ಗೆ ಹೇಳೀನಿ, ಬರದಿಡು ಅಂದಾರ್ರಿ," ಅಂದಳು.

ನಾನೂ ಒಂದು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಒಬ್ಬನ ಅರೆಸ್ಟ್ ಸುದ್ದಿಯನ್ನ ಇಡೀ ದಿನ ಓಡಿಸಿದ್ದೆ. ಅವನ ಮುಖ, ಮನೆ, ಹೆಂಡತಿ ಬಾಗಿಲು ಹಾಕ್ಕೊಂಡಿದ್ದು, ಎಲ್ಲ ತೋರಿಸಿದೆ. ಆಮೇಲೆ ಅವನು ಖುಲಾಸೆಯಾದ. ಅದು ನಮ್ಮಲ್ಲಿ ಸುದ್ದಿಯೇ ಆಗಲಿಲ್ಲ. ಒಂದು ಸಾಲು ಪಟ್ಟಿ ಕೂಡ ಓಡಲಿಲ್ಲ. ಇವತ್ತಿಗೂ ಅವನು ಎಲ್ಲಿದ್ದಾನೆ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಅಪರಾಧಿಗಳ ಮೇಲೆ ನನಗೆ ಕನಿಕರ ಉಕ್ಕಿ ಹರೀತಿದೆ ಅಂದ್ಕೋಬೇಡಿ. ಚಾಕು ಹಾಕಿದವನಿಗೆ, ಹೆಣ್ಣುಮಗಳ ಬಾಳು ಹಾಳು ಮಾಡಿದವನಿಗೆ ಶಿಕ್ಷೆ ಆಗಲೇಬೇಕು, ಬೇಗ ಆಗಬೇಕು. ಆದ್ರೆ ಶಿಕ್ಷೆ ಕೊಡಬೇಕಾದದ್ದು ಕೋರ್ಟು. ಬಡತನ ಅಲ್ಲ.

ಕೊನೆಯದಾಗಿ ರಾಣೆಬೆನ್ನೂರಿನ ಯಜಮಾನರಿಗೆ ಒಂದು ಮಾತು. ನೀವು ಮಗಳಿಗೆ ಬುದ್ಧಿ ಹೇಳಿ ಅಂದ್ರಿ. ಆಗಲಿಲ್ಲ ಸಾಹೇಬ್ರೇ, ಆಕೆಯೇ ನನಗೆ ಹೇಳಿದಳು. ನೌಕರಿ ಸಿಗುತ್ತಾ ಅಂತ ನಿಮ್ಮ ಚಿಂತೆ, ಅದು ನ್ಯಾಯವಾದದ್ದೇ. ಈ ಓದಿಗೆ ಹುದ್ದೆಗಳು ಕಮ್ಮಿ, ಸುಳ್ಳು ಹೇಳಲ್ಲ. ಹುದ್ದೆ ತುಂಬಿ ಅಂತ ಸರ್ಕಾರವನ್ನ ಕೇಳೋದು ನನ್ನ ಕೆಲಸ, ಕೇಳ್ತೀನಿ. ಬಿಡದೆ ಕೇಳ್ತೀನಿ. ಆದ್ರೆ ಊರಲ್ಲಿ ಯಾರಾದ್ರೂ ಮಗಳು ಏನು ಓದ್ತಿದ್ದಾಳೆ ಅಂತ ಕೇಳಿದರೆ ತಲೆ ತಗ್ಗಿಸಬೇಡಿ. ನೀವು ನಿಮ್ಮ ಜೀವಮಾನ ಪೂರ್ತಿ ಜನರನ್ನ ಬಸ್ಸಲ್ಲಿ ಕೂರಿಸ್ಕೊಂಡು ಅವರ ಊರಿಗೆ ಮುಟ್ಟಿಸಿದವರು. ದಾರಿಯಲ್ಲಿ ಸಿಕ್ಕಿಹಾಕ್ಕೊಂಡವರನ್ನ ಮನೆ ಮುಟ್ಟಿಸೋದು ಹೇಗೆ ಅಂತ ನಿಮ್ಮ ಮಗಳು ಓದ್ತಿದ್ದಾಳೆ ಅಂತ ಹೇಳಿ.

ಇನ್ನು ಮೇಲೆ ನಮ್ಮ ಕಾರ್ಯಕ್ರಮದಲ್ಲಿ 'ಜಾಮೀನು ಮಂಜೂರು' ಅಂತ ಬಂದರೆ, ಹದಿನೈದು ದಿನ ಬಿಟ್ಟು ನಮ್ಮ ವರದಿಗಾರ ಒಂದು ಫೋನ್ ಮಾಡ್ತಾನೆ. ಮನೆಗೆ ಬಂದ್ರಾ ಅಂತ ಕೇಳ್ತಾನೆ. ಮರೆತರೆ ನೀವು ನನಗೆ ಫೋನ್ ಮಾಡಿ ಬೈಯಿರಿ.